ಅಂಚೆಪೆಟ್ಟಿಗೆಯ ಮೇಲೆ ಇಬ್ಬರ ಹೆಸರೂ ಇರಲಿ

ಸ್ಟುಟ್‌ಗಾರ್ಟ್‌ಗೆ ಸಂಸಾರ ಹೂಡಲು ಬರುವ ದಂಪತಿಗೆ ಮೊದಲ ತಿಂಗಳುಗಳ ಕೈಪಿಡಿ

ಜರ್ಮನಿಯ ವಸತಿ ಕಟ್ಟಡಗಳಲ್ಲಿ ಪ್ರತಿ ಮನೆಗೂ ಸಂಖ್ಯೆ ಇರುವುದು ಅಪರೂಪ. ಬೀದಿಯ ಹೆಸರು, ಕಟ್ಟಡದ ಸಂಖ್ಯೆ, ಅಷ್ಟೇ ವಿಳಾಸ. ಒಳಗೆ ಹತ್ತು ಸಂಸಾರಗಳಿದ್ದರೆ ಹತ್ತು ಪೆಟ್ಟಿಗೆಗಳು ಸಾಲಾಗಿ ನಿಂತಿರುತ್ತವೆ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರು ಸಿಗದಿದ್ದರೆ ಕಾಗದ ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ನಾವು ಇಲ್ಲಿಗೆ ಬಂದ ಮೊದಲ ತಿಂಗಳು ನನ್ನ ಪತಿಯ ತೆರಿಗೆ ಸಂಖ್ಯೆಯ ಕಾಗದ ಬಂತು, ನನ್ನದು ಬರಲಿಲ್ಲ. ಕಾರಣ ತಿಳಿಯಲು ಮೂರು ವಾರ ಹಿಡಿಯಿತು. ಪಾಸ್‌ಪೋರ್ಟಿನಲ್ಲಿ ಅವರ ಹೆಸರಿನ ಕೊನೆಗೆ ಇರುವುದು ಹಾಸನ ಸೀಮೆಯ ಅವರ ಊರಿನ ಹೆಸರು. ನನ್ನ ಹೆಸರಿನ ಕೊನೆಗೆ ಇರುವುದು ದಾವಣಗೆರೆಯ ನನ್ನ ಅಪ್ಪನ ಹೆಸರು. ನಮ್ಮ ಕಡೆ ಇದು ಯಾರಿಗೂ ವಿಚಿತ್ರವೆನಿಸದು. ಇಲ್ಲಿ ಪೆಟ್ಟಿಗೆಯ ಮೇಲೆ ಅವರ ಊರು ಮಾತ್ರ ಇತ್ತು, ನನ್ನ ಅಪ್ಪ ಇರಲಿಲ್ಲ. ಹಾಗಾಗಿ ಆ ಮನೆಯಲ್ಲಿ ನಾನೂ ಇರಲಿಲ್ಲ.

ನೌಕರಿಗೆಂದು ಬಂದವರಿಗೆ ಕಚೇರಿ ಅರ್ಧ ದಾರಿ ಮಾಡಿಕೊಡುತ್ತದೆ. ಅವರ ಜೊತೆಗೆ ಬಂದವರಿಗೆ ಯಾರೂ ಮಾಡಿಕೊಡುವುದಿಲ್ಲ. ಬೆಂಗಳೂರಿನಿಂದ ಈ ಊರಿಗೆ ಬರುವ ಎಂಜಿನಿಯರುಗಳ ಮನೆಗಳಲ್ಲಿ, ಒಳ್ಳೆಯ ವಿದ್ಯೆಯಿದ್ದೂ ಎರಡು ವರ್ಷ ಕಿಟಕಿಯ ಬಳಿ ಕೂತು ಕಳೆದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಅವರಿಗೆ ಧೈರ್ಯ ಕಡಿಮೆಯಿತ್ತೆಂದು ನನಗೆ ಅನ್ನಿಸಿಲ್ಲ. ಅವರ ಹೆಸರಿನಲ್ಲಿ ಒಂದು ಕಾಗದವೂ ಇರಲಿಲ್ಲ. ಅದಕ್ಕಾಗಿಯೇ ಕೆಳಗಿನ ಎಲ್ಲ ಹೆಜ್ಜೆಗಳನ್ನೂ ಇಬ್ಬರ ಲೆಕ್ಕದಲ್ಲಿ ಬರೆದಿದ್ದೇನೆ.

ಊರಿನಲ್ಲಿಯೇ ಮುಗಿಸಬೇಕಾದದ್ದು

ಮದುವೆಯ ನೋಂದಣಿ ಆಗಿರಲಿ. ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ, ಆಲ್ಬಂ ಇಲ್ಲಿ ನಡೆಯುವುದಿಲ್ಲ. ಉಪ ನೋಂದಣಾಧಿಕಾರಿ ಕಚೇರಿಯ ವಿವಾಹ ಪ್ರಮಾಣಪತ್ರವೇ ಬೇಕು. ಅದರಲ್ಲಿರುವ ನಿಮ್ಮಿಬ್ಬರ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನ ಅಕ್ಷರಗಳೊಂದಿಗೆ ಒಂದೊಂದಾಗಿ ಹೊಂದುತ್ತವೆಯೇ ಎಂದು ಬೆರಳಿಟ್ಟು ನೋಡಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ನಮ್ಮ ಹೆಸರುಗಳಲ್ಲಿ ಸಾಮಾನ್ಯ. ಅಲ್ಲಿ ಐದು ನಿಮಿಷದಲ್ಲಿ ಸರಿಯಾಗುವುದನ್ನು ಇಲ್ಲಿಂದ ಸರಿಪಡಿಸಲು ತಿಂಗಳುಗಳು ಬೇಕು. ಪ್ರಮಾಣಪತ್ರಕ್ಕೆ ಅಧಿಕೃತ ಅನುವಾದಕರಿಂದ ಜರ್ಮನ್ ಅನುವಾದ ಮಾಡಿಸಿಟ್ಟುಕೊಳ್ಳಿ.

ಜೊತೆಗೆ ಬರುವವರ ಪದವಿ ಪ್ರಮಾಣಪತ್ರ, ಅಂಕಪಟ್ಟಿ, ಹಿಂದಿನ ಕೆಲಸದ ಅನುಭವ ಪತ್ರಗಳ ಮೂಲ ಪ್ರತಿಗಳನ್ನು ಕೈಚೀಲದಲ್ಲಿ ತನ್ನಿ. ಇವು ಅಮ್ಮನ ಮನೆಯ ಬೀರುವಿನಲ್ಲಿ ಉಳಿಯಬಾರದು. ನೀಲಿ ಕಾರ್ಡ್, ಅಂದರೆ ಉನ್ನತ ವಿದ್ಯೆಯ ನೌಕರರಿಗೆ ಕೊಡುವ ವಾಸದ ಪರವಾನಗಿ, ಪಡೆದವರ ಸಂಗಾತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆಯ ಕಡ್ಡಾಯವಿಲ್ಲ. ಬಂದ ಮೇಲೆ ಯಾವ ಕೆಲಸವನ್ನಾದರೂ ಮಾಡಲು ಅನುಮತಿಯೂ ಇದೆ. ಈ ಎರಡನೆಯ ಮಾತು ಎಷ್ಟೋ ದಂಪತಿಗೆ ಗೊತ್ತೇ ಇರುವುದಿಲ್ಲ.

ಮೊದಲ ಎರಡು ವಾರ

ಮನೆಗೆ ಕಾಲಿಟ್ಟ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮಾಡುವ ಜಾಗ ಬ್ಯೂರ್ಗರ್‌ಬ್ಯೂರೋ, ಅಂದರೆ ನಾಗರಿಕ ಸೇವಾ ಕಚೇರಿ. ಇಬ್ಬರ ಪಾಸ್‌ಪೋರ್ಟ್, ವಿವಾಹ ಪ್ರಮಾಣಪತ್ರ, ಇವರು ನನ್ನ ಮನೆಯಲ್ಲಿದ್ದಾರೆ ಎಂದು ಮಾಲೀಕರು ಸಹಿ ಮಾಡಿದ ದೃಢೀಕರಣ ಬೇಕು. ಆ ದೃಢೀಕರಣದಲ್ಲಿ ಇಬ್ಬರ ಹೆಸರನ್ನೂ ಬರೆಸಿಕೊಳ್ಳಿ. ಬಾಡಿಗೆ ಕರಾರಿನಲ್ಲಿಯೂ ಹಾಗೆಯೇ. ಒಬ್ಬರ ಹೆಸರಿನಲ್ಲಿ ಮಾತ್ರ ಕರಾರಿದ್ದರೆ ಆ ಮನೆಯ ವಿಷಯದಲ್ಲಿ ಇನ್ನೊಬ್ಬರ ಮಾತಿಗೆ ಬೆಲೆಯಿಲ್ಲ.

ಕರಾರು ಓದುವಾಗ ಎರಡು ಬಾಡಿಗೆಗಳನ್ನು ಬೇರೆಬೇರೆಯಾಗಿ ನೋಡಿ. ಕಾಲ್ಟ್‌ಮೀಟೆ ಎಂದರೆ ಬರೀ ಗೋಡೆಗಳ ಬಾಡಿಗೆ. ವಾರ್ಮ್‌ಮೀಟೆಯಲ್ಲಿ ನೀರು, ಕಸ ಮುಂತಾದ ನಿರ್ವಹಣೆಯ ಖರ್ಚು, ಸಾಮಾನ್ಯವಾಗಿ ಮನೆ ಬೆಚ್ಚಗಿಡುವ ಖರ್ಚು ಸೇರಿರುತ್ತದೆ. ವಿದ್ಯುತ್ತಿಗೆ ಬಹಳ ಕಡೆ ನೀವೇ ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ಮುಂಗಡ ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ. ಅದನ್ನೂ ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಬಂದವರಿಗೆ ಇದು ದೊಡ್ಡ ಸಮಾಧಾನ. ಆದರೆ ಒಂದು ಎಚ್ಚರ: ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಂಬುದು ಖಾಲಿ ಕೋಣೆ. ಒಲೆ, ತೊಟ್ಟಿ, ಕಪಾಟು ಏನೂ ಇರುವುದಿಲ್ಲ. ಮನೆ ನೋಡಲು ಹೋದಾಗಲೇ ಕೇಳಿ.

ಕೀಲಿ ಕೈಗೆ ಬಂದ ದಿನವೇ ಕರೆಗಂಟೆ ಮತ್ತು ಅಂಚೆಪೆಟ್ಟಿಗೆಗೆ ಇಬ್ಬರ ಹೆಸರಿನ ಚೀಟಿ ಅಂಟಿಸಿ. ಅಂದವಾದ ಫಲಕ ಆಮೇಲೆ ಬರಲಿ. ಅಲ್ಲಿಯವರೆಗೆ ಕಾಗದದ ಚೂರು, ಅಂಟುಪಟ್ಟಿ ಸಾಕು. ನೋಂದಣಿಯಾದ ಕೆಲವು ವಾರಗಳಲ್ಲಿ ಇಬ್ಬರಿಗೂ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ಜೀವಮಾನಕ್ಕೆ ಒಂದೇ ಸಂಖ್ಯೆ. ಸಂಪಾದನೆ ಇಲ್ಲದವರೂ ಅದನ್ನು ಜೋಪಾನವಾಗಿಡಬೇಕು.

ಆಮೇಲೆ ಬರುವ ಲಕೋಟೆಗಳು

ಮೊದಲು ಹೆದರಿಸುವುದು ರೇಡಿಯೊ-ಟಿವಿ ಶುಲ್ಕದ ಪತ್ರ. ಟಿವಿ ಇಲ್ಲದಿದ್ದರೂ ಕಟ್ಟಲೇಬೇಕು. 2021ರಿಂದ ತಿಂಗಳಿಗೆ 18.36 ಯೂರೋ. ಪತ್ರ ಇಬ್ಬರಿಗೂ ಬೇರೆಬೇರೆಯಾಗಿ ಬರಬಹುದು, ಆದರೆ ಶುಲ್ಕ ಮನೆಗೊಂದೇ. ಎರಡನೆಯ ಪತ್ರಕ್ಕೆ ಮೊದಲನೆಯವರ ಶುಲ್ಕ ಸಂಖ್ಯೆ ಬರೆದು ಉತ್ತರಿಸಿದರೆ ಮುಗಿಯಿತು. ಉತ್ತರಿಸದೆ ಸುಮ್ಮನಿದ್ದರೆ ಇಬ್ಬರ ಲೆಕ್ಕವೂ ಓಡುತ್ತದೆ.

ಆರೋಗ್ಯ ವಿಮೆಯಲ್ಲಿ ಸರ್ಕಾರಿ ಪದ್ಧತಿ, ಖಾಸಗಿ ಪದ್ಧತಿ ಎಂದು ಎರಡಿವೆ. ಸರ್ಕಾರಿ ಪದ್ಧತಿಯಲ್ಲಿ ಸಂಪಾದನೆ ಇಲ್ಲದ ಸಂಗಾತಿ ಹೆಚ್ಚಿನ ಹಣವಿಲ್ಲದೆ ಸೇರಿಕೊಳ್ಳಬಹುದು. ಖಾಸಗಿಯಲ್ಲಿ ತಲೆಗೊಂದು ಕಂತು. ವಯಸ್ಸು ಚಿಕ್ಕದಿದ್ದಾಗ ಖಾಸಗಿ ಅಗ್ಗವಾಗಿ ಕಾಣಬಹುದು. ಸಂಸಾರ ಬೆಳೆಸುವ ಯೋಚನೆಯಿರುವ ದಂಪತಿಗೆ ಸರ್ಕಾರಿಯೇ ಲೇಸೆಂಬುದು ನನ್ನ ಖಚಿತ ಅಭಿಪ್ರಾಯ. ಇಬ್ಬರಿಗೂ ಪ್ರತ್ಯೇಕ ಕಾರ್ಡ್ ಬರುತ್ತದೆ. ಅವರವರ ಕಾರ್ಡ್ ಅವರವರ ಚೀಲದಲ್ಲಿರಲಿ. ತುರ್ತಿಗೆ 112. ರಾತ್ರಿ ಜ್ವರ ಏರಿ ವೈದ್ಯರು ಬೇಕು, ಆದರೆ ಪ್ರಾಣಾಪಾಯವಿಲ್ಲ ಎಂದಾದರೆ 116117.

ಇನ್ನು ತೆರಿಗೆ ವರ್ಗ, ಅಂದರೆ ಸಂಬಳದಿಂದ ತಿಂಗಳಿಗೆ ಎಷ್ಟು ತೆರಿಗೆ ಕಡಿತವಾಗಬೇಕೆಂದು ಗೊತ್ತುಮಾಡುವ ವರ್ಗ. ಇದನ್ನು ನಿಧಾನವಾಗಿ ಓದಿ, ಏಕೆಂದರೆ ಇಲ್ಲಿ ಹೆಂಗಸರಿಗೆ ಅರಿವಿಲ್ಲದೆ ನಷ್ಟವಾಗುತ್ತದೆ. ಮದುವೆಯಾದವರು ನಾಲ್ಕು-ನಾಲ್ಕು ಎಂಬ ಜೋಡಿಯಲ್ಲಿರಬಹುದು, ಇಲ್ಲವೆ ಮೂರು-ಐದು ಎಂಬ ಜೋಡಿಯಲ್ಲಿ. ಒಬ್ಬರೇ ದುಡಿಯುವಾಗ ಅವರು ಮೂರಕ್ಕೆ ಹೋದರೆ ತಿಂಗಳಿಗೆ ಕೈಗೆ ಹೆಚ್ಚು ಹಣ ಸಿಗುತ್ತದೆ, ಅದು ಸರಿಯಾದದ್ದೇ. ಇನ್ನೊಬ್ಬರಿಗೆ ಕೆಲಸ ಸಿಕ್ಕ ದಿನ ಮಾತ್ರ ಇದನ್ನು ಮತ್ತೆ ಕೂತು ಯೋಚಿಸಬೇಕು. ಐದರಲ್ಲಿರುವವರ ಸಂಬಳದಿಂದ ತೆರಿಗೆ ಬಹಳ ಕಡಿತವಾಗುತ್ತದೆ. ವರ್ಷದ ಕೊನೆಗೆ ಇಬ್ಬರ ಒಟ್ಟು ತೆರಿಗೆ ಒಂದೇ ಆಗುವುದರಿಂದ ಹೇಗಿದ್ದರೇನು ಎಂದು ಗಂಡಸರು ಹೇಳುತ್ತಾರೆ. ಆದರೆ ಹೆರಿಗೆಯ ನಂತರ ಸಿಗುವ ಪೋಷಕ ಭತ್ಯೆ, ಕೆಲಸ ಹೋದಾಗ ಸಿಗುವ ನಿರುದ್ಯೋಗ ಭತ್ಯೆ ಇವೆಲ್ಲ ಕಡಿತದ ನಂತರದ ಸಂಬಳದ ಮೇಲೆ ಲೆಕ್ಕವಾಗುತ್ತವೆ. ಐದರಲ್ಲೇ ಉಳಿದ ಹೆಂಡತಿಗೆ ಆ ದಿನ ಸಿಗುವುದು ಕಡಿಮೆ. ಅವಳ ಮೊದಲ ಸಂಬಳದ ತಿಂಗಳಲ್ಲೇ ನಾಲ್ಕು-ನಾಲ್ಕಕ್ಕೆ ಮರಳುವ ಅರ್ಜಿ ತುಂಬಿ.

ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಿರಿ. ಇಬ್ಬರಲ್ಲಿ ಯಾರಾದರೊಬ್ಬರ ಸಹಿ ಸಾಕು ಎಂಬ ಬಗೆಯದನ್ನೇ ಆರಿಸಿ. ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮ್, ಸ್ಥಳೀಯ ರೈಲುಗಳಲ್ಲಿ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಅದು ಒಬ್ಬರಿಂದ ಒಬ್ಬರಿಗೆ ವರ್ಗವಾಗುವುದಿಲ್ಲ. ಕಚೇರಿಗೆ ಹೋಗುವವರಿಗೊಂದೇ ಸಾಕು ಎಂದು ಉಳಿತಾಯ ಮಾಡಬೇಡಿ.

ಮೆಟ್ಟಿಲು ಗುಡಿಸುವ ವಾರ

ಒಂದು ಸೋಮವಾರ ಬೆಳಿಗ್ಗೆ ನಮ್ಮ ಬಾಗಿಲ ಹಿಡಿಗೆ ಒಂದು ಪುಟ್ಟ ಹಲಗೆ ತೂಗಿತ್ತು. ಕೇರ್‌ವೋಖೆ ಎಂದು ಅದರ ಮೇಲೆ ಬರೆದಿತ್ತು, ಎಂದರೆ ಗುಡಿಸುವ ವಾರ. ಸ್ಟುಟ್‌ಗಾರ್ಟ್ ಇರುವ ಶ್ವಾಬ್ಯ ಸೀಮೆಯ ಈ ರೂಢಿಯ ಮೂಲವನ್ನು ಇಲ್ಲಿಯವರು 1492ರ ನಗರ ಕಟ್ಟಳೆಯಲ್ಲಿ ಗುರುತಿಸುತ್ತಾರೆ. ನಗರಾಡಳಿತದ ಕಡ್ಡಾಯ ಈಗಿಲ್ಲ, ಆದರೆ ಬಾಡಿಗೆ ಕರಾರಿನಲ್ಲಿ ಅಥವಾ ಕಟ್ಟಡದ ನಿಯಮಗಳಲ್ಲಿ ಇದ್ದರೆ ಮಾಡಲೇಬೇಕು. ಸಣ್ಣ ಕೇರ್‌ವೋಖೆಯಲ್ಲಿ ನಿಮ್ಮ ಮಹಡಿಯ ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡದರಲ್ಲಿ ಕಟ್ಟಡದ ಮುಂದಿನ ಕಾಲುದಾರಿ, ಅಂಗಳ, ಕಸದ ಡಬ್ಬಗಳ ಜಾಗ ಸೇರುತ್ತವೆ. ಚಳಿಗಾಲದಲ್ಲಿ ಬೆಳಗಾಗುವುದರೊಳಗೆ ಹಿಮವನ್ನೂ ಸರಿಸಬೇಕು. ವಾರ ಮುಗಿದ ಮೇಲೆ ಹಲಗೆಯನ್ನು ಪಕ್ಕದ ಮನೆಯ ಹಿಡಿಗೆ ತೂಗುಹಾಕುವುದು.

ಹೊಸದಾಗಿ ಬಂದವರು ಇದನ್ನು ಕೆಲಸದವರಿಗೆ ವಹಿಸಲು ನೋಡುತ್ತಾರೆ. ಮೊದಲ ವರ್ಷವಾದರೂ ನೀವೇ ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬೆಳಗಾದರೆ ಬಾಗಿಲ ಮುಂದೆ ನೀರು ಹಾಕಿ ಗುಡಿಸಿ ರಂಗೋಲಿಯಿಡುವವರನ್ನು ನೋಡಿ ಬೆಳೆದವರು ನಾವು. ಈ ಕೆಲಸ ನಮಗೆ ಹೊಸದಲ್ಲ. ಶನಿವಾರ ಮಧ್ಯಾಹ್ನ ಮೆಟ್ಟಿಲು ಒರೆಸುತ್ತಿದ್ದಾಗಲೇ ಕಟ್ಟಡದ ಎಲ್ಲರೂ ನನ್ನ ಮಾತಾಡಿಸಿದ್ದು. ಕೆಳಮನೆಯ ಹಿರಿಯ ಮಹಿಳೆ ಬಕೆಟ್ಟಿನ ನೀರನ್ನು ಎಲ್ಲಿ ಚೆಲ್ಲಬೇಕೆಂದು ತೋರಿಸಿದರು, ಹಳೆಯ ಬಟ್ಟೆಯೊಂದನ್ನು ತಂದುಕೊಟ್ಟರು. ಇಲ್ಲಿ ಪರಿಚಯದವರನ್ನು ಕೊನೆಯ ಹೆಸರಿನಿಂದ ಕರೆಯುವುದು ಮರ್ಯಾದೆ. ಹಾಗಾಗಿ ಅವರು ನನ್ನನ್ನು ಫ್ರಾವ್, ಅಂದರೆ ಶ್ರೀಮತಿ, ಎಂದು ಸೇರಿಸಿ ಅಪ್ಪನ ಹೆಸರಿನಿಂದ ಕರೆಯುತ್ತಾರೆ. ದಾವಣಗೆರೆಯ ಮಂಡಿಪೇಟೆ ದಾಟಿ ದೂರ ಹೋಗದ ಅಪ್ಪನ ಹೆಸರು ಈ ಮೆಟ್ಟಿಲುಗಳಲ್ಲಿ ದಿನವೂ ಕೇಳಿಸುತ್ತದೆ.

ಗುಡಿಸುವ ವಾರ ಗಂಡನ ಪಾಲಿಗೂ ಬರಲಿ. ಒಂದು ಸರದಿ ಅವರದು, ಒಂದು ನಿಮ್ಮದು.

ಕಸದ ವಿಷಯ ಚಿಕ್ಕದು. ಅಡುಗೆಮನೆಯ ಸಿಪ್ಪೆ ಒಂದು ಡಬ್ಬಕ್ಕೆ, ಕಾಗದ ಇನ್ನೊಂದಕ್ಕೆ, ಪ್ಲಾಸ್ಟಿಕ್ ಹಾಗೂ ತಗಡಿನ ಪೊಟ್ಟಣಗಳು ಹಳದಿಯದಕ್ಕೆ, ಉಳಿದದ್ದು ಕೊನೆಯದಕ್ಕೆ. ಗಾಜನ್ನು ಬಣ್ಣದ ಪ್ರಕಾರ ಬೀದಿಯ ದೊಡ್ಡ ಪೆಟ್ಟಿಗೆಗಳಿಗೆ ಹಾಕಬೇಕು, ಅದೂ ಭಾನುವಾರ ಅಲ್ಲ, ಸದ್ದಾಗುತ್ತದೆ. 25 ಸೆಂಟ್ ಠೇವಣಿಯ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿ ಹಣ ಪಡೆಯಿರಿ.

ಹಬೆ, ಒಗ್ಗರಣೆ, ಕಿಟಕಿ

ನಮ್ಮ ಅಡುಗೆಯಲ್ಲಿ ಹಬೆ ಬಹಳ. ಕುಕ್ಕರ್ ಕೂಗುತ್ತದೆ, ಸಾರು ಕುದಿಯುತ್ತದೆ, ಇಡ್ಲಿ ಬೇಯುತ್ತದೆ. ಇಲ್ಲಿಯ ಮನೆಗಳ ಕಿಟಕಿಗಳು ಗಾಳಿಯಾಡದಂತೆ ಬಿಗಿಯಾಗಿರುತ್ತವೆ. ಹಬೆ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗಿ, ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ. ಮನೆ ಬಿಡುವಾಗ ಠೇವಣಿಯ ಜಗಳ ಹುಟ್ಟುವ ಒಂದು ಮೂಲ ಇದು. ಪರಿಹಾರ ಸುಲಭ: ದಿನಕ್ಕೆ ಎರಡು ಮೂರು ಸಲ, ಅಡುಗೆಯಾದ ಕೂಡಲೇ ತಪ್ಪದೆ, ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ. ಹೊರಗೆ ಹಿಮ ಬೀಳುತ್ತಿದ್ದರೂ ಸರಿ. ಕಿಟಕಿಯನ್ನು ಸ್ವಲ್ಪವೇ ವಾಲಿಸಿ ಇಡೀ ದಿನ ಬಿಡುವುದು ತಪ್ಪು. ಗೋಡೆ ಇನ್ನಷ್ಟು ತಣ್ಣಗಾಗುತ್ತದೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮೊದಲು ಅಡುಗೆಮನೆಯ ಬಾಗಿಲು ಮುಚ್ಚಿ. ಪಡಸಾಲೆಯಲ್ಲಿ ಹೊಗೆಗಂಟೆ ಇರುತ್ತದೆ.

ದೋಸೆ ಹಿಟ್ಟು ಚಳಿಗಾಲದಲ್ಲಿ ಹುಳಿ ಬರುವುದಿಲ್ಲ. ಓವನ್ನಿನ ದೀಪ ಮಾತ್ರ ಹಚ್ಚಿ, ಬಿಸಿ ಹಾಕದೆ, ಪಾತ್ರೆಯನ್ನು ರಾತ್ರಿ ಒಳಗಿಡಿ. ಸೋನಾ ಮಸೂರಿ, ಕರಿಬೇವು, ತೊಗರಿಬೇಳೆ, ಬೆಲ್ಲ ಇವು ಭಾರತೀಯ ಅಂಗಡಿಗಳಲ್ಲಿ, ಶ್ರೀಲಂಕಾದ ತಮಿಳರ ಅಂಗಡಿಗಳಲ್ಲಿ ಸಿಗುತ್ತವೆ. ಮೊಸರನ್ನಕ್ಕೆ 3.5 ಶೇಕಡಾ ಕೊಬ್ಬಿನ ಸಾದಾ ಯೋಗರ್ಟ್ ಒಳ್ಳೆಯದು. ಶ್ವಾಬ್ಯದವರೂ ಬೇಳೆ ತಿನ್ನುವ ಜನ. ಮಸೂರದಂಥ ಕಾಳನ್ನು ಬೇಯಿಸಿ ಶ್ಪೆಟ್ಸ್‌ಲೆ ಎಂಬ ಶಾವಿಗೆಯೊಂದಿಗೆ ಉಣ್ಣುತ್ತಾರೆ. ನೆರೆಮನೆಯವರಿಗೆ ಒಂದು ಬಟ್ಟಲು ಹುಳಿ ಕೊಟ್ಟರೆ ಅವರಿಗೆ ಅದು ತೀರ ಅಪರಿಚಿತವೆನಿಸುವುದಿಲ್ಲ.

ನಾಲಿಗೆ

ಜೊತೆಗೆ ಬಂದವರು ಮೊದಲ ತಿಂಗಳಲ್ಲೇ ಜರ್ಮನ್ ತರಗತಿಗೆ ಹೆಸರು ಕೊಡಬೇಕು. ಮನೆ ಸಜ್ಜಾಗಲಿ, ಚಳಿ ಕಳೆಯಲಿ ಎಂದು ಮುಂದೂಡಬೇಡಿ. ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿರುವ ಫೋಕ್ಸ್‌ಹೋಕ್‌ಶೂಲೆ, ಅಂದರೆ ಜನರ ಕಲಿಕಾ ಶಾಲೆ, ಎಲ್ಲ ಹಂತಗಳ ತರಗತಿ ನಡೆಸುತ್ತದೆ. ಹೊಸದಾಗಿ ಬಂದವರನ್ನು ಇಲ್ಲಿಯ ಬದುಕಿಗೆ ಹೊಂದಿಸುವ ಏಕೀಕರಣ ಕೋರ್ಸ್ ಎಂಬುದರ ಸಾಮಾನ್ಯ ಅವಧಿ 600 ಪಾಠದ ಗಂಟೆ ಭಾಷೆ, 100 ಗಂಟೆ ದೇಶದ ಪರಿಚಯ. ಕೊನೆಗೆ ಬಿ1, ಅಂದರೆ ದಿನನಿತ್ಯದ ಮಾತುಕತೆ ನಿಭಾಯಿಸುವ ಮಟ್ಟದ ಪರೀಕ್ಷೆ. ತರಗತಿ ಮುಗಿದ ಮೇಲೆ 2011ರಲ್ಲಿ ತೆರೆದ ನಗರ ಗ್ರಂಥಾಲಯಕ್ಕೆ ಹೋಗಿ ಕೂರಿ. ಮೈಲೆಂಡರ್ ಪ್ಲಾಟ್ಸ್‌ನ ಆ ಚೌಕಾಕಾರದ ಕಟ್ಟಡದ ಒಳಗೆಲ್ಲ ಬಿಳಿ, ಪುಸ್ತಕಗಳದ್ದೇ ಬಣ್ಣ. ಬಾಡಿಗೆ ಮನೆಯ ಒಂಟಿತನಕ್ಕೆ ನಾನು ಕಂಡ ಅತ್ಯುತ್ತಮ ಮದ್ದು ಅಲ್ಲಿಯ ಮೇಜುಗಳು.

ತರಗತಿಯ ಜರ್ಮನ್ ಬೇರೆ, ಬೀದಿಯ ಶ್ವಾಬಿಷ್ ಬೇರೆ. ಇಲ್ಲಿಯವರು ಪದಗಳ ಕೊನೆಗೆ ಲೆ ಸೇರಿಸಿ ಎಲ್ಲವನ್ನೂ ಪುಟ್ಟದಾಗಿ, ಮುದ್ದಾಗಿ ಮಾಡುತ್ತಾರೆ. ಧಾರವಾಡದ ಮಾತು ಮೈಸೂರಿನವರ ಕಿವಿಗೆ ಒಗ್ಗಲು ಬೇಕಾಗುವಷ್ಟು ಸಮಯ ಕೊಡಿ.

ಭಾನುವಾರ

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಹಾಲು, ತರಕಾರಿ ತಂದಿಡಿ. ಗೋಡೆಗೆ ಮೊಳೆ ಹೊಡೆಯುವುದು, ಡ್ರಿಲ್ ಮಾಡುವುದು ಆ ದಿನ ಸಲ್ಲದು. ಊರಿಗೆ ಫೋನ್ ಮಾಡಲು ಬೆಳಗಿನ ಹೊತ್ತೇ ಸರಿ: ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ಇಲ್ಲಿ ಸಂಜೆ ಬಿಡುವಾಗುವ ವೇಳೆಗೆ ಅಲ್ಲಿ ಹಿರಿಯರು ಮಲಗಿರುತ್ತಾರೆ. ಒಂದು ವಾರ ಅತ್ತೆಮಾವನಿಗೆ ಮೊದಲು, ಇನ್ನೊಂದು ವಾರ ಅಪ್ಪಅಮ್ಮನಿಗೆ ಮೊದಲು ಎಂದು ನಾವು ಗೊತ್ತುಮಾಡಿಕೊಂಡಿದ್ದೇವೆ.

ಫೋನ್ ಮುಗಿಸಿ ಹೊರಡಿ. ಪಕ್ಕದ ಎಸ್ಲಿಂಗನ್‌ಗೆ ನಗರ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರತಂದ ಹೆರ್ಮನ್ ಮೋಗ್ಲಿಂಗ್ 1881ರಲ್ಲಿ ಕೊನೆಯುಸಿರೆಳೆದದ್ದು ಆ ಊರಿನಲ್ಲಿ. ಇನ್ನೊಂದು ವಾರ ಟ್ಯೂಬಿಂಗನ್‌ಗೆ ಹೋಗಬಹುದು, ಸುಮಾರು ಒಂದು ಗಂಟೆಯ ರೈಲು. 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲಿ. ಎರಡೂ ಕಡೆ ನೆಕಾರ್ ನದಿಯ ದಂಡೆಯಲ್ಲಿ ಕೂರಲು ಜಾಗವಿದೆ. ಚಿತ್ರಾನ್ನದ ಬುತ್ತಿ, ಎರಡು ಚಮಚ, ಒಂದು ಬಾಟಲಿ ನೀರು ಕಟ್ಟಿಕೊಳ್ಳಿ. ಇಬ್ಬರ ಟಿಕೆಟ್ಟೂ ಇದೆಯೇ ಎಂದು ಮನೆ ಬಿಡುವ ಮೊದಲೇ ನೋಡಿಕೊಳ್ಳಿ.