ಹುಣಸೆಹಣ್ಣು ದೂರವಿರಲಿ: ಅಮೆರಿಕದ ಹಳೆಯ ತಾಮ್ರದ ಸೆಂಟಿಗೆ ದರ್ಜೆ ಕಟ್ಟುವ ಬಗೆ

ತಾಮ್ರದ ಚೊಂಬು ಕಪ್ಪಾದರೆ ನಮ್ಮ ಕೈ ತಾನಾಗಿ ಹುಣಸೆಹಣ್ಣಿನತ್ತ ಹೋಗುತ್ತದೆ. ಇನ್ನೂರು ವರ್ಷದ ಹಿಂದಿನ ಸೆಂಟ್ ಸಿಕ್ಕಾಗ ಮೊದಲು ತಡೆಯಬೇಕಾದದ್ದು ಆ ಕೈಯನ್ನೇ. ಹುಳಿ ತಾಗಿದ ನಾಣ್ಯ ಹೊಳೆಯುತ್ತದೆ ನಿಜ. ಆದರೆ ಆ ಗುಲಾಬಿ-ಕಿತ್ತಳೆ ಹೊಳಪು ಕಂಡೊಡನೆ ಬಲ್ಲವರು ನಾಣ್ಯವನ್ನು ಕೆಳಗಿಟ್ಟುಬಿಡುತ್ತಾರೆ. ಈ ಹವ್ಯಾಸದಲ್ಲಿ ಅಚ್ಚಿನ ಗೆರೆಗಳಿಗಿರುವಷ್ಟೇ ಬೆಲೆ ನಾಣ್ಯದ ಮೈಗೂ ಇದೆ.

ಇಲ್ಲಿ ಹೇಳುತ್ತಿರುವುದು ಫಿಲಡೆಲ್ಫಿಯಾದ ಟಂಕಸಾಲೆ 1793ರಿಂದ 1857ರವರೆಗೆ ಅಚ್ಚು ಹಾಕಿದ ದೊಡ್ಡ ಸೆಂಟ್‌ಗಳ ಬಗ್ಗೆ. ಅದೇ ಅವಧಿಯ ಅರ್ಧ ಸೆಂಟ್‌ಗಳಿಗೂ ಕ್ರಮ ಬಹುಪಾಲು ಇದೇ. ಹೊಸಬರು 1840-50ರ ದಶಕದ, ಜಡೆ ಸುತ್ತಿದ ತಲೆಯ ಸೆಂಟ್‌ಗಳಿಂದ ಶುರುಮಾಡುವುದು ಒಳ್ಳೆಯದು. 1851ರ ಒಂದೇ ವರ್ಷ 98 ಲಕ್ಷಕ್ಕೂ ಹೆಚ್ಚು ಅಚ್ಚಾಗಿವೆ. ಒಂದು ಕೈತಪ್ಪಿದರೆ ಇನ್ನೊಂದು ಸಿಗುತ್ತದೆ. 1793ರ ಸರಪಳಿ ಸೆಂಟ್ (ಹಿಂಬದಿಯಲ್ಲಿ ಸರಪಳಿಯ ಚಿತ್ರವಿರುವುದು) ಅಚ್ಚಾದದ್ದು 36,103 ಮಾತ್ರ. ಅದರ ಆಸೆ ಸದ್ಯಕ್ಕೆ ಬೇಡ.

ಬೇಕಾದದ್ದು: 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ವಾಲಿಸಬಲ್ಲ ಟೇಬಲ್ ದೀಪ, ಕೆಳಗೆ ಹಾಸಲು ಮೆತ್ತನೆಯ ಬಟ್ಟೆ. ನಾಣ್ಯವನ್ನು ಅಂಚು ಹಿಡಿದೇ ಎತ್ತಬೇಕು. ಬೆವರಿನ ಬೆರಳಚ್ಚು ತಾಮ್ರಕ್ಕೆ ಅಂಟಿದರೆ ಕಪ್ಪಾಗಿ ಅಲ್ಲೇ ಉಳಿಯುತ್ತದೆ.

ಮೊದಲು ತೂಕ, ಆಮೇಲೆ ಅಂಚು

ಆರಂಭದ ಸೆಂಟ್ 208 ಗ್ರೇನ್, ಅಂದರೆ ಸುಮಾರು 13.48 ಗ್ರಾಂ. 1795ರ ಕೊನೆಯ ಹೊತ್ತಿಗೆ ಅದನ್ನು 168 ಗ್ರೇನಿಗೆ, ಅಂದರೆ 10.89 ಗ್ರಾಂಗೆ ಇಳಿಸಿದರು. ಹಾಗಾಗಿ 1795ರ ಇಸವಿ ಹೊತ್ತ ನಾಣ್ಯಗಳು ಎರಡು ಬಗೆ. ದಪ್ಪನೆಯ ಬಿಲ್ಲೆಯ ಅಂಚಿನಲ್ಲಿ 'ಒನ್ ಹಂಡ್ರೆಡ್ ಫಾರ್ ಎ ಡಾಲರ್' ಎಂಬ ಬರಹವಿರುತ್ತದೆ, ತೆಳು ಬಿಲ್ಲೆಯ ಅಂಚು ಬೋಳು. ಚೆನ್ನಾಗಿ ಸವೆದ ನಾಣ್ಯ ತುಸು ಕಡಿಮೆ ತೂಗುವುದು ಸಹಜ. ಅಂಚಿನ ಸುತ್ತ ಕೂಡುಗೆರೆ ಕಂಡರೆ, ಮೈಮೇಲೆ ಸಣ್ಣ ಗುಳ್ಳೆಗಳ ಗುರುತಿದ್ದರೆ ಅದು ಎರಕ ಹೊಯ್ದ ನಕಲಿ.

ಇಸವಿಯನ್ನು ನಂಬುವ ಮುನ್ನ

1815ರ ಇಸವಿಯ ಸೆಂಟ್ ಅಚ್ಚಾಗಲೇ ಇಲ್ಲ. ಯಾರಾದರೂ ತೋರಿಸಿದರೆ ಅಂಕಿ ತಿದ್ದಿದ್ದಾರೆ ಎಂದೇ ಅರ್ಥ. 1799 ಅಪರೂಪ. ಅದಕ್ಕೇ 1798ರ ಕೊನೆಯ ಅಂಕಿಯನ್ನು ಕೆತ್ತಿ 9 ಮಾಡುವವರಿದ್ದಾರೆ. ದೀಪವನ್ನು ಓರೆಯಾಗಿ ಹಿಡಿದು ಆ ಅಂಕಿಯ ಸುತ್ತಲ ಬಯಲನ್ನು, ಅಂದರೆ ಅಚ್ಚಿಲ್ಲದ ಖಾಲಿ ಜಾಗವನ್ನು, ನೋಡಿ: ಕೆರೆದ ಜಾಗ ಉಳಿದ ಮೈಗಿಂತ ತಗ್ಗಾಗಿಯೋ ನುಣುಪಾಗಿಯೋ ಇರುತ್ತದೆ. 1804ಕ್ಕೆ ಹಳೆಯದೊಂದು ಪರೀಕ್ಷೆಯಿದೆ. ಅಸಲಿ ನಾಣ್ಯದಲ್ಲಿ ಇಸವಿಯ ಸೊನ್ನೆ, ಹಿಂಬದಿಯ 'ಆಫ್' ಪದದಲ್ಲಿನ ಓ ಅಕ್ಷರದ ನೇರಕ್ಕೆ ಬರುತ್ತದೆ. ಬರದಿದ್ದರೆ ಮಾತು ಅಲ್ಲಿಗೆ ಮುಗಿಯಿತು.

ಅಚ್ಚಿನ ಉಳಿಕೆಗೆ ಅಂಕ

ಸವೆತ ಕಡಿಮೆಯಾದಷ್ಟೂ ಅಂಕ ಏರುವ, 1ರಿಂದ 70ರವರೆಗಿನ ಅಳತೆಯನ್ನು 1949ರಲ್ಲಿ ನಾಣ್ಯ ತಜ್ಞ ವಿಲಿಯಂ ಶೆಲ್ಡನ್ ರೂಪಿಸಿದ್ದು ಈ ದೊಡ್ಡ ಸೆಂಟ್‌ಗಳಿಗಾಗಿಯೇ. ಉಳಿದ ನಾಣ್ಯಗಳಿಗೆ ಅದು ಹಬ್ಬಿದ್ದು ಆಮೇಲೆ. 1816ರಿಂದ 1839ರವರೆಗಿನ ಸೆಂಟ್‌ಗಳಲ್ಲಿ ನೋಡಬೇಕಾದದ್ದು ತುರುಬಿಗೆ ಕಟ್ಟಿದ ದಾರ. ದಾರದ ಒಂದು ಭಾಗ ಮಾತ್ರ ಕಂಡರೆ 8, ಪೂರ್ತಿ ಕಂಡರೆ 12, ಅಲ್ಪಸ್ವಲ್ಪ ಸವೆದಿದ್ದರೆ 20, ಎರಡೂ ಎಳೆ ಚುರುಕಾಗಿ ಎದ್ದು ನಿಂತಿದ್ದರೆ 40.

ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ: ಅಚ್ಚು ಸರಿಯಾಗಿ ಕೂರದ ಜಾಗವನ್ನು ಸವೆತವೆಂದು ಓದುತ್ತಾರೆ. ಸವೆದ ಜಾಗ ಉಜ್ಜಿದ ಹಾಗೆ ನುಣುಪು. ಅಚ್ಚು ಕೂರದ ಜಾಗದಲ್ಲಿ ಬಿಲ್ಲೆಯ ಮೂಲ ಒರಟುತನ ಹಾಗೇ ಇರುತ್ತದೆ, ಮತ್ತು ನಾಣ್ಯ ಮಗುಚಿದರೆ ಅದೇ ನೇರಕ್ಕೆ ಹಿಂಬದಿಯೂ ಪೇಲವವಾಗಿರುವುದು ಹೆಚ್ಚು.

ಇನ್ನು ಕಳೆಯುವ ಲೆಕ್ಕ

1967ರಲ್ಲಿ ಹುಟ್ಟಿದ 'ಅರ್ಲಿ ಅಮೆರಿಕನ್ ಕಾಪರ್ಸ್' ಸಂಘದವರ ಪದ್ಧತಿಯಲ್ಲಿ ಅಚ್ಚಿನ ಅಂಕ ಅರ್ಧ ಕೆಲಸ ಮಾತ್ರ. ಮೈಯ ದೋಷಗಳಿಗೆ ಅಂಕ ಕಳೆದು ಉಳಿದದ್ದೇ ನಿವ್ವಳ ದರ್ಜೆ. ಉದಾಹರಣೆಗೆ ಅಚ್ಚು 30ರದ್ದು. ಬಯಲಿನ ತುಂಬ ರವೆಯಂಥ ತರಿತರಿ, ಅದಕ್ಕೆ 10 ಹೋಯಿತು. ಅಂಚಿಗೊಂದು ಏಟು ಬಿದ್ದಿದೆ, ಇನ್ನೈದು. ಉಳಿದದ್ದು 15, ಬೆಲೆಯೂ ಅದಕ್ಕೇ. ಎಷ್ಟು ಕಳೆಯಬೇಕೆಂಬುದಕ್ಕೆ ಪಕ್ಕಾ ಕೋಷ್ಟಕವಿಲ್ಲ, ಇಬ್ಬರು ಬಲ್ಲವರು ಐದಂಕ ಜಗಳಾಡುವುದು ಮಾಮೂಲು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ರೆ ಹಾಕಿ ಕೊಡುವ ವ್ಯಾಪಾರಿ ದರ್ಜೆ ಸಾಮಾನ್ಯವಾಗಿ ಇದಕ್ಕಿಂತ ಉದಾರ. ಹಾಗಾಗಿ ಡಬ್ಬಿಯ ಮೇಲಿನ 40 ನೋಡಿ ದುಡ್ಡು ಎಣಿಸಬೇಡಿ.

1808-1814ರ ಸೆಂಟ್‌ಗಳಲ್ಲಿ ಮಾತ್ರ ಸ್ವಲ್ಪ ಕೈಬಿಗಿ ಸಡಿಲಿಸಬಹುದು. ಆ ತಾಮ್ರ ಮೆತ್ತಗಿತ್ತು. ಕಪ್ಪಡರದೆ, ತರಿಯಾಗದೆ ಉಳಿದದ್ದೇ ಕಡಿಮೆ.

ಕೊಳೆಗೆ ಏನು ಮಾಡುವುದು?

ಜಿಡ್ಡಿದ್ದರೆ ಗಾಜಿನ ಬಟ್ಟಲಲ್ಲಿ ಕ್ಸೈಲೀನ್ (ಜಿಡ್ಡು ಕರಗಿಸುವ ದ್ರಾವಕ) ಹಾಕಿ ಕೆಲ ನಿಮಿಷ ನೆನೆಸಿ, ಬಟ್ಟೆ ಒತ್ತಿ ತೇವ ತೆಗೆಯಿರಿ. ತಿಕ್ಕಬೇಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಅದರ ಆವಿ ಒಳ್ಳೆಯದಲ್ಲ, ಬೇಗ ಹೊತ್ತಿಕೊಳ್ಳುತ್ತದೆ ಕೂಡ. ಹಸಿರು ಕಿಲುಬಿದ್ದರೆ ಒಂದು ಹನಿ ಮಿನರಲ್ ಆಯಿಲ್ ಬಿಟ್ಟು, ದಿನಗಟ್ಟಲೆ ಕಾದು, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಸೂಜಿ ಮುಟ್ಟಿಸಿದಿರೋ, ಗೀರು ಶಾಶ್ವತ. ಕಿಲುಬು ಹೋದಲ್ಲಿ ಕೆಳಗೆ ಗುಳಿ ಕಾಣಬಹುದು, ಅದಕ್ಕೂ ಅಂಕ ಕಳೆಯಿರಿ.

ಇಡುವುದು ಒಳಗೆ ಹತ್ತಿಬಟ್ಟೆಯ ಅಸ್ತರಿರುವ ಕಾಗದದ ಲಕೋಟೆಯಲ್ಲಿ. ಮೆತ್ತನೆಯ ಪಿವಿಸಿ ಚೀಲ ಬೇಡವೇ ಬೇಡ, ಅದು ಬಿಡುವ ಆಮ್ಲದಿಂದ ನಾಣ್ಯಕ್ಕೆ ಹಸಿರು ಅಂಟು ಹಿಡಿಯುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಲಕೋಟೆಗಳನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ತೆರೆದು ನೋಡಿ. ತೂಕ, ಅಚ್ಚಿನ ಅಂಕ, ಯಾವ ದೋಷಕ್ಕೆ ಎಷ್ಟು ಕಳೆದಿರಿ ಎಂಬುದನ್ನು ಲಕೋಟೆಯ ಮೇಲೆ ಬರೆದಿಡಿ. ಬರೆಯುವಾಗ ಮಾತ್ರ ನಾಣ್ಯ ಹೊರಗಿರಲಿ, ಪೆನ್ನಿನ ಒತ್ತು ಕಾಗದ ದಾಟಿ ತಾಮ್ರಕ್ಕೆ ತಲುಪಬಾರದು.