ಟಿಪ್ಪರ್ ಶಾಫ್ಟಿನ ಬೋಲ್ಟು ಕೊನೆಗೂ ನಿಂತಿತು

ಶಿರಾ ಕಡೆಯ ಆರು ಚಕ್ರದ ಟಿಪ್ಪರ್, ಕ್ವಾರಿಯಿಂದ ಜಲ್ಲಿ ಹೊಡೆಯುವ ಗಾಡಿ. ಗೇರ್‌ಬಾಕ್ಸಿಂದ ಹಿಂದಿನ ಚಕ್ರದ ಕಡೆ ತಿರುಗುವ ಉದ್ದ ಶಾಫ್ಟು, ಅದೇ ಪ್ರೊಪೆಲ್ಲರ್ ಶಾಫ್ಟು. ಅದರ ಹಿಂದಿನ ಫ್ಲಾಂಜಿಗೆ, ಅಂದ್ರೆ ಜೋಡಿಸುವ ತಟ್ಟೆಗೆ, 12 ಎಂಎಂ ಬೋಲ್ಟು ಎಂಟು. ನಾಲ್ಕು ತಿಂಗಳಲ್ಲಿ ಐದು ಸಲ ಕಟ್ ಆದವು. ಒಂದು ಸಲ ಲೋಡ್ ಸಮೇತ ಏರಿನಲ್ಲೇ ನಿಂತು, ಎಳೆಸಿಕೊಂಡು ಬರೋದಕ್ಕೇ ಮೂರೂವರೆ ಸಾವಿರ ಹೋಯ್ತು.

ಮೊದಲು ಯಾರೋ ತಲೆ ಮೇಲೆ ನಂಬರ್ ಇಲ್ಲದ ಬೋಲ್ಟು ಹಾಕಿದ್ದರು. ಅದರ ಮಾತೇ ಬೇಡ. ಆ ನಂಬರ್ ಬೋಲ್ಟಿನ ಗ್ರೇಡು, ಜಾಸ್ತಿಯಾದಷ್ಟು ಗಟ್ಟಿ. ನಾನು 8.8 ಹಾಕಿದೆ, ಮೂರು ವಾರ ಬಂತು. "12.9 ಅಲೆನ್ ಬೋಲ್ಟ್ ಹಾಕಪ್ಪ, ಜನ್ಮದಲ್ಲಿ ಮುರಿಯಲ್ಲ" ಅಂದರು ಎಲ್ಲರೂ. ಪಳಪಳ ಹೊಳೆಯುವ ಜಿಂಕ್ ಪ್ಲೇಟಿಂಗ್ ಇದ್ದದ್ದು ತಂದೆ. ಸಂಜೆ ಸ್ಪ್ಯಾನರಿಗೆ ಪೈಪ್ ಹಾಕಿ ಬಿಗಿ ಮಾಡಿ ಹೋದೆ. ಬೆಳಿಗ್ಗೆ ನೋಡಿದರೆ ಎರಡು ತಲೆ ನೆಲದ ಮೇಲೆ ಬಿದ್ದಿವೆ! ಗಾಡಿ ಜಾಗ ಬಿಟ್ಟು ಕದಲಿರಲಿಲ್ಲ. ಅಷ್ಟು ಗಟ್ಟಿ ಸ್ಟೀಲಿಗೆ ಪ್ಲೇಟಿಂಗ್ ಸರಿಯಾಗಿ ಮಾಡದಿದ್ದರೆ ಹೈಡ್ರೋಜನ್ ಒಳಗೆ ಸೇರಿ ಗಾಜಿನ ಹಾಗೆ ಒಡೆಯುತ್ತೆ. ಒಳ್ಳೇ 12.9 ಸಾಮಾನ್ಯವಾಗಿ ಕಪ್ಪಗೇ ಬರುತ್ತೆ.

ಆಮೇಲೆ ಹಳೇ 8.8 ತುಂಡುಗಳನ್ನು ಡೀಸೆಲ್‌ನಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಮುರಿದ ಮುಖದ ಮುಕ್ಕಾಲು ಭಾಗ ನುಣ್ಣಗೆ, ಕಪ್ಪೆಚಿಪ್ಪಿನ ಮೇಲಿರುವಂಥ ಗೆರೆಗಳು. ಉಳಿದ ಕಾಲು ಭಾಗ ಮಾತ್ರ ಸಕ್ಕರೆ ಹಾಗೆ ತರಿತರಿ. ಅಂದ್ರೆ ಒಂದೇ ಏಟಿಗೆ ಮುರಿದದ್ದಲ್ಲ, ದಿನಾ ಸ್ವಲ್ಪ ಸ್ವಲ್ಪ ಸೀಳಿದೆ. ಫ್ಲಾಂಜ್ ಮಧ್ಯೆ ಬೆರಳು ಆಡಿಸಿದರೆ ಕೆಂಪು ಪುಡಿ, ಲೋಹಕ್ಕೆ ಲೋಹ ಉಜ್ಜಿ ಬಂದ ತುಕ್ಕು. ಜಾಯಿಂಟೇ ಅಲುಗಾಡುತ್ತಿತ್ತು. ಬೋಲ್ಟಿನ ಶಕ್ತಿ ಸಾಲದೆ ಅಲ್ಲ, ಹಿಡಿತ ಸಾಲದೆ ಮುರಿಯುತ್ತಿತ್ತು.

ಎರಡು ಮುಖದ ಮೇಲೂ ದಪ್ಪ ಪೇಂಟ್ ಇತ್ತು. ಕೆರೆದು, ಎಮರಿ ಹಾಕಿ ಬರೀ ಲೋಹ ಕಾಣೋ ಹಾಗೆ ಮಾಡಿದೆ. ಇನ್ನೂ ಜಾಸ್ತಿ ಬಿಗಿ ತಡೆಯಲಿ ಅಂತ ಬೆಂಗಳೂರಿನ ಎಸ್‌ಜೆಪಿ ರೋಡಿಗೆ ಹೋಗಿ 10.9 ತಂದೆ, ಫೈನ್ ಥ್ರೆಡ್, ಪಿಚ್ ಅಂದ್ರೆ ಥ್ರೆಡ್ಡಿಂದ ಥ್ರೆಡ್ಡಿಗೆ 1.25 ಎಂಎಂ. ಎರಡು ಫ್ಲಾಂಜ್ ಸೇರುವ ಜಾಗದಲ್ಲಿ ಥ್ರೆಡ್ ಬರಬಾರದು, ನುಣುಪು ಭಾಗವೇ ಇರಬೇಕು. ಆ ಉದ್ದ ಹುಡುಕೋಕೆ ಅರ್ಧ ದಿನ ಹಿಡಿಯಿತು. ನಟ್ಟೂ ಹೊಸದು, 10 ಗ್ರೇಡಿಂದು. ಸ್ಪ್ರಿಂಗ್ ವಾಷರ್ ಬಿಟ್ಟು ಗಟ್ಟಿ ಫ್ಲಾಟ್ ವಾಷರ್ ಹಾಕಿದೆ. ಸೆಟ್ಟಿಗೆ ಏಳುನೂರು ಚಿಲ್ಲರೆ. ಎಷ್ಟು ಬಿಗಿಯಾಯ್ತು ಅಂತ ಅಳೆದು ತೋರಿಸುವ ಟಾರ್ಕ್ ವ್ರೆಂಚಿಗೆ ನಾಲ್ಕೂವರೆ ಸಾವಿರ ಆಯ್ತು, ಅದು ನನ್ನ ಕೈಯಿಂದ. ಥ್ರೆಡ್ಡಿಗೆ ತೆಳುವಾಗಿ ಎಣ್ಣೆ ಸವರಿ, ಎದುರುಬದುರು ನಟ್ಟು ಮೂರು ಸುತ್ತಿನಲ್ಲಿ ಬಿಗಿ ಮಾಡುತ್ತಾ 110 ನ್ಯೂಟನ್ ಮೀಟರ್ ಸುಮಾರಿಗೆ ತಂದೆ. ಹಳೇ ಲೆಕ್ಕದಲ್ಲಿ ಸುಮಾರು 11 ಕೆಜಿ-ಮೀಟರ್. ನಟ್ಟು ತಿರುಗಿದರೆ ಗೊತ್ತಾಗಲಿ ಅಂತ ಪ್ರತಿ ನಟ್ಟಿಂದ ಫ್ಲಾಂಜಿಗೆ ಒಂದು ಬಿಳಿ ಗೆರೆ ಎಳೆದೆ. ಎರಡು ಟ್ರಿಪ್ ಆದಮೇಲೆ ಮತ್ತೆ ಚೆಕ್ ಮಾಡಿದೆ.

ಪಕ್ಕದ ಗ್ಯಾರೇಜಿನ ಹಿರಿಯರು, "ಕ್ವಾರಿ ಗಾಡಿಗೆ ಮೀಟರ್ ಹಿಡ್ಕೊಂಡು ಬೋಲ್ಟ್ ಹಾಕ್ತಾನಂತೆ, ಹದಿನೈದು ದಿನ ನೋಡು" ಅಂದಿದ್ದರು.

ವ್ರೆಂಚ್ ಇತ್ತಲ್ವಾ, ಸುಮ್ನೆ ವೈಸಿಗೆ ಕಟ್ಟಿ ಬೇರೆ ಬೋಲ್ಟುಗಳನ್ನೂ ನೋಡಿದೆ. ನಂಬರ್ ಇಲ್ಲದವು 50 ನ್ಯೂಟನ್ ಮೀಟರಿಗೇ ಎಳೆದುಕೊಂಡವು. 8.8 ಅಂತ ತಲೆ ಮೇಲಿದ್ದ ಹತ್ತರಲ್ಲಿ ನಾಲ್ಕು 70 ದಾಟುತ್ತಲೇ ಮೆತ್ತಗಾದವು, ನಕಲಿ. ತಲೆ ಕೆಳಗೆ ನೋಡಿ ನಕಲಿ ಹಿಡಿಯುವುದು ಈಗ ನನಗೆ ಗೊತ್ತು. ಅದನ್ನು ಇಲ್ಲಿ ಬರೆಯಲ್ಲ, ನಕಲಿ ಮಾಡೋರೂ ಓದುತ್ತಾರೆ. ಸ್ಟೇನ್‌ಲೆಸ್ ಎ2-70 ಜಾಸ್ತಿ ದುಡ್ಡು, ಆದರೆ 8.8ಕ್ಕಿಂತ ಮೆದು, ನಟ್ಟು ಬೇರೆ ಕಚ್ಚಿಕೊಂಡು ಬಿಡುತ್ತೆ. ನಂಬರ್ ಪ್ಲೇಟಿಗೆ ಸರಿ.

ಹದಿನಾಲ್ಕು ತಿಂಗಳಾಯ್ತು. ಮೊನ್ನೆ ಕ್ಲಚ್ ಕೆಲಸಕ್ಕೆ ಶಾಫ್ಟ್ ಇಳಿಸಿದೆ. ಎಂಟು ಗೆರೆಯೂ ಎಳೆದ ಜಾಗದಲ್ಲೇ ಇದ್ದವು. ಫ್ಲಾಂಜ್ ಬಿಡಿಸಿದರೆ ಒಳಗೆ ಕೆಂಪು ಪುಡಿ ಒಂದು ಚಿಟಿಕೆಯೂ ಇಲ್ಲ. ಆದರೂ ಆ ಬೋಲ್ಟು ವಾಪಸ್ ಹಾಕಲಿಲ್ಲ, ಹೊಸ ಸೆಟ್ ಬೇಕು ಅಂದೆ. ಈ ಸಲ ಮಾಲೀಕರು ಯಾಕೆ ಅಂತ ಕೇಳದೆ ದುಡ್ಡು ಎಣಿಸಿದರು.