ಕಲಬುರಗಿಯಿಂದ ರಾಮನವಮಿ ಸಂಗೀತೋತ್ಸವಕ್ಕೆ: ಕಿವಿ ದಣಿಯದಂತೆ ರೈಲು ಪ್ರಯಾಣ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯವರು ಪ್ರತಿ ಬೇಸಿಗೆಯಲ್ಲಿ ನಡೆಸುವ ರಾಮನವಮಿ ಸಂಗೀತೋತ್ಸವಕ್ಕೆ ಒಮ್ಮೆಯಾದರೂ ಹೋಗಬೇಕೆಂಬ ಆಸೆ ನಮ್ಮ ಭಾಗದ ಸಂಗೀತಪ್ರಿಯರಲ್ಲಿ ಅನೇಕರಿಗಿದೆ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಆರಂಭಿಸಿದ ಉತ್ಸವ ಅದು. ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದ ವೇದಿಕೆ. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಚಪ್ಪರ ಹಾಕಿ, ಹೆಚ್ಚುಕಡಿಮೆ ಒಂದು ತಿಂಗಳು ದಿನವೂ ಸಂಜೆ ಕಛೇರಿ ನಡೆಸುತ್ತಾರೆ. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಗೆ ಹಾರ್ಮೋನಿಯಂ ಮತ್ತು ಗಾಯನ ಕಲಿಯಲು ಬರುವ ಮಕ್ಕಳ ತಾಯಂದಿರು ಯುಗಾದಿ ಹತ್ತಿರವಾದಾಗ ತಪ್ಪದೆ ಕೇಳುತ್ತಾರೆ: “ಟೀಚರ್, ಯಾವ ಗಾಡಿಗೆ ಹೋದರೆ ಚಲೋ?”

ನಿಮಗೆ ನಿದ್ದೆ ಕೊಡುವ ಗಾಡಿಗೆ ಹೋಗಿ ಎನ್ನುತ್ತೇನೆ. ಮೂರು ಗಂಟೆಯ ಕಛೇರಿಯಲ್ಲಿ ರಾಗಾಲಾಪನೆ ಬಿಚ್ಚಿಕೊಳ್ಳುವ ಹೊತ್ತಿಗೆ ತೂಕಡಿಕೆ ಬಂದರೆ, ಅಷ್ಟು ದೂರ ಹೋದದ್ದಕ್ಕೆ ಏನು ಸಾರ್ಥಕ? ಟಿಕೆಟ್, ಬರ್ತ್, ಊಟ, ನೀರು ಎಲ್ಲವನ್ನೂ ಈ ಒಂದು ಲೆಕ್ಕದಲ್ಲಿಯೇ ನೋಡಬೇಕು ಎಂಬುದು ನನ್ನ ಮಾತು.

ಮೊದಲು ದಿನಾಂಕ. ರಾಮನವಮಿ ಚೈತ್ರ ಶುದ್ಧ ನವಮಿ, ಯುಗಾದಿಯಿಂದ ಒಂಬತ್ತನೆಯ ತಿಥಿ. ಪಂಚಾಂಗ ತೆರೆದರೆ ಉತ್ಸವದ ಕಾಲ ಅಂದಾಜಾಗುತ್ತದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ವರೆಗೆ 120 ದಿನವಿತ್ತು. ಯಾರ ಕಛೇರಿ ಯಾವ ದಿನ ಎಂಬ ಪಟ್ಟಿ ಮಾತ್ರ ಸಾಮಾನ್ಯವಾಗಿ ಅಷ್ಟು ಮೊದಲೇ ಕೈಗೆ ಸಿಗುವುದಿಲ್ಲ. ಪಟ್ಟಿ ಬರಲಿ ಎಂದು ಕಾದರೆ, ಯುಗಾದಿಯ ಓಡಾಟ ಮತ್ತು ಶಾಲೆಗಳ ಬೇಸಿಗೆ ರಜೆ ಸೇರಿ ಬರ್ತ್‌ಗಳು ಮುಗಿದುಹೋಗಿರುತ್ತವೆ. ಆದ್ದರಿಂದ ನಾನು ಎರಡು ವಾರಾಂತ್ಯಗಳಿಗೆ ಟಿಕೆಟ್ ಮಾಡಿಸುತ್ತೇನೆ. ಪಟ್ಟಿ ಬಂದ ದಿನವೇ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ರದ್ದು ಮಾಡುತ್ತೇನೆ. ಬೇಗ ರದ್ದು ಮಾಡಿದರೆ ಕಡಿತವೂ ಕಡಿಮೆ, ಬೇರೆಯವರಿಗೆ ಆ ಬರ್ತ್ ದಕ್ಕುತ್ತದೆ. ಕೊನೆಯ ದಿನದವರೆಗೆ ಎರಡನ್ನೂ ಹಿಡಿದು ಕೂರುವುದು ಅನ್ಯಾಯ.

ನಮ್ಮದು ನಡುವಿನ ನಿಲ್ದಾಣ ಎಂಬುದು ನೆನಪಿರಲಿ. ಗಾಡಿ ಹೊರಡುವ ಊರಿನವರಿಗೆ ಸಿಗುವ ಸಾಮಾನ್ಯ ವೇಟಿಂಗ್ ಲಿಸ್ಟ್ ಬೇರೆ, ನಮ್ಮಂಥ ಊರುಗಳಿಗೆ ಬೀಳುವ ಪಿಕ್ಯೂ (ಪೂಲ್ಡ್ ಕೋಟಾ) ಅಥವಾ ಆರ್‌ಎಲ್ (ರಿಮೋಟ್ ಲೊಕೇಶನ್) ವೇಟಿಂಗ್ ಪಟ್ಟಿ ಬೇರೆ. ಎರಡನೆಯದು ಖಚಿತವಾಗುವುದು ಕಷ್ಟ. ವೇಟಿಂಗ್ ಟಿಕೆಟ್ ಹಿಡಿದು ಸ್ಲೀಪರ್ ಬೋಗಿ ಹತ್ತುವಂತೆಯೂ ಇಲ್ಲ. ಕೊನೆಗೆ ತತ್ಕಾಲ್ ಇದೆ: ಗಾಡಿ ತನ್ನ ಮೂಲ ನಿಲ್ದಾಣ ಬಿಡುವ ಹಿಂದಿನ ದಿನ ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಆನ್‌ಲೈನ್‌ನಲ್ಲಿ ಮಾಡಿಸುವವರ ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು. ಅದನ್ನು ಹತ್ತು ಗಂಟೆಗೆ ಐದು ನಿಮಿಷವಿರುವಾಗ ಮಾಡಲು ಕೂರಬೇಡಿ.

ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಒಂದು ವಿಷಯ. 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಗಿನ ಬರ್ತ್‌ನ ಪ್ರತ್ಯೇಕ ಕೋಟಾ ಇದೆ. ಆದರೆ ಒಂದು ಟಿಕೆಟ್‌ನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇದ್ದಾಗಷ್ಟೇ ಅದು ಅನ್ವಯಿಸುತ್ತದೆ. ಮಕ್ಕಳು ಮೊಮ್ಮಕ್ಕಳನ್ನೆಲ್ಲ ಒಂದೇ ಟಿಕೆಟ್‌ಗೆ ಸೇರಿಸಿದರೆ ಅವ್ವನಿಗೆ ಮೇಲಿನ ಬರ್ತ್ ಬಿದ್ದರೂ ಬಿದ್ದೀತು. ಅವ್ವ, ಅಪ್ಪ ಇಬ್ಬರಿಗೂ ಬೇರೆ ಟಿಕೆಟ್ ಮಾಡಿಸಿ, ಬೋಗಿ ಒಂದೇ ಆಗುವಂತೆ ಪ್ರಯತ್ನಿಸಿ.

ಇನ್ನು ಗಾಡಿ. ಮುಂಬೈಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಸಂಜೆ ಹತ್ತಿಸಿಕೊಂಡು ಬೆಳಿಗ್ಗೆ ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣ ಮುಟ್ಟಿಸುತ್ತದೆ. ಅದರ ಪಯಣ ಅಲ್ಲಿಗೇ ಮುಗಿಯುವುದರಿಂದ ನಿಶ್ಚಿಂತೆಯಿಂದ ಮಲಗಬಹುದು. ಬಾಗಲಕೋಟೆಯಿಂದ ಬರುವ ಬಸವ ಎಕ್ಸ್‌ಪ್ರೆಸ್ ಮೈಸೂರಿಗೂ, ಸೊಲ್ಲಾಪುರದಿಂದ ಬರುವ ಗಾಡಿ ಹಾಸನಕ್ಕೂ ಮುಂದುವರಿಯುತ್ತವೆ. ಇವೆರಡರಲ್ಲಿ ಅಲಾರಂ ಇಟ್ಟೇ ಮಲಗಬೇಕು. 139ಕ್ಕೆ ಕರೆ ಮಾಡಿ, ಊರು ಬರುವ ಮುನ್ನ ಎಬ್ಬಿಸುವ ಸೌಲಭ್ಯವನ್ನೂ ಪಡೆಯಬಹುದು. ಹಾಸನದ ಗಾಡಿಯಲ್ಲಿ ಯಶವಂತಪುರಕ್ಕೆ ಇಳಿಯಿರಿ. ಬೀದರ್‌ನವರಿಗೆ ತಮ್ಮೂರಿನಿಂದಲೇ ಯಶವಂತಪುರದ ಗಾಡಿಯಿದೆ. ಯಾದಗಿರಿಯವರು ಇದೇ ಮಾರ್ಗದಲ್ಲಿದ್ದಾರೆ.

2024ರ ಮಾರ್ಚ್‌ನಲ್ಲಿ ಆರಂಭವಾದ ವಂದೇ ಭಾರತ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಸುಕಿನಲ್ಲಿ ಕಲಬುರಗಿ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು ತಲುಪಿಸುತ್ತದೆ, ಬಿಸಿಲು ತಾಗುವುದಿಲ್ಲ, ಗಾಡಿ ಒಳ್ಳೆಯದು. ಆದರೆ ಅದು ಕುಳಿತು ಹೋಗುವ ಗಾಡಿ. ಅದನ್ನು ಹಿಡಿಯಲು ಮೂರಕ್ಕೋ ನಾಲ್ಕಕ್ಕೋ ಏಳಬೇಕು. ಅಂದೇ ಸಂಜೆ ಕಛೇರಿಗೆ ಕುಳಿತರೆ ಎಂಟೂವರೆಗೆ ಕಣ್ಣು ಎಳೆಯುತ್ತದೆ. ಹೋಗಲು ರಾತ್ರಿ ಗಾಡಿ, ಬರಲು ವಂದೇ ಭಾರತ್: ನನ್ನ ಆಯ್ಕೆ ಇದು.

ಸ್ಲೀಪರ್ ದರ್ಜೆಯಲ್ಲಿ ಹೋಗುವವರು ಏಪ್ರಿಲ್‌ನಲ್ಲಿ ಮೇಲಿನ ಬರ್ತ್ ಕೇಳಲೇಬಾರದು. ನಮ್ಮ ಸೀಮೆಯ ಬಿಸಿಲು 42 ಡಿಗ್ರಿ ದಾಟುವ ದಿನಗಳವು. ಸೊಲ್ಲಾಪುರದ ಕಡೆಯಿಂದ ಮಧ್ಯಾಹ್ನವೆಲ್ಲ ಸುಡುತ್ತ ಬಂದ ಗಾಡಿಯ ಚಾವಣಿ ಸೂರ್ಯ ಮುಳುಗಿದ ಮೇಲೂ ಆರಿರುವುದಿಲ್ಲ. ಗಾಡಿ ಹತ್ತಿದ ಮೇಲೆ ಬರ್ತ್ ಏರಿ ಅಂಗೈಯನ್ನು ಚಾವಣಿಯ ತಗಡಿಗೆ ಒತ್ತಿ ನೋಡಿ. ಬಿಸಿ ಕೈಗೇ ತಿಳಿಯುತ್ತದೆ. ಪಕ್ಕದ ಫ್ಯಾನ್ ಆ ಬಿಸಿ ಗಾಳಿಯನ್ನೇ ಮುಖಕ್ಕೆ ತಿರುಗಿಸುತ್ತದೆ. ಕೃಷ್ಣಾ ಸೇತುವೆ ದಾಟಿ, ರಾಯಚೂರು ಬಿಟ್ಟು, ತುಂಗಭದ್ರೆಯನ್ನೂ ದಾಟಿದ ಮೇಲಷ್ಟೇ ಮೇಲೆ ಮಲಗಿದವರಿಗೆ ಉಸಿರು ಬರುತ್ತದೆ. ಕೆಳಗಿನ ಬರ್ತ್ ಸಿಕ್ಕರೆ ಭಾಗ್ಯ, ಇಲ್ಲವಾದರೆ ನಡುವಿನದು. ಬೋಗಿಯ ಎರಡೂ ತುದಿ ಬೇಡ, ರಾತ್ರಿಯೆಲ್ಲ ಬಾಗಿಲಿನ ಸದ್ದು, ಶೌಚಾಲಯಕ್ಕೆ ಹೋಗಿಬರುವವರ ಓಡಾಟ. ಎಸಿ ದರ್ಜೆಯಲ್ಲಿ ಈ ಕಷ್ಟವಿಲ್ಲ, ಆದರೆ ಒಣ ತಂಪಿಗೆ ಗಂಟಲು ಕಟ್ಟುತ್ತದೆ. ಹಾಡುವ ಮಕ್ಕಳಿದ್ದರೆ ಕುತ್ತಿಗೆಗೆ ಒಂದು ಹತ್ತಿ ಶಾಲು ಸುತ್ತಿಸಿ. ತಬಲಾ ಒಯ್ಯುವವರು ಕಿಟಕಿಯ ಬಿಸಿಲಿಗೆ ಇಡಬೇಡಿ. ಬಿಸಿಗೆ ಚರ್ಮ ಬಿಗಿದು ದಾಯಾ (ಬಲಗೈಯ ತಬಲಾ) ಸೀಳಬಹುದು.

ಊಟ ಮನೆಯದೇ ಇರಲಿ, ಬೇಗ ಮುಗಿಯಲಿ. ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಗೆ ಈ ಬಿಸಿಲಿನಲ್ಲಿ ಸಾಟಿಯಿಲ್ಲ, ಎರಡು ದಿನವಾದರೂ ಕೆಡುವುದಿಲ್ಲ. ರೊಟ್ಟಿಯನ್ನು ಚೀಲದಲ್ಲಿ ತುರುಕಿದರೆ ಯಾದಗಿರಿ ಬರುವಷ್ಟರಲ್ಲಿ ನುಚ್ಚಾಗುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯ ತಳಕ್ಕೆ ಒಂದು ಬಟ್ಟೆ, ಅದರ ಮೇಲೆ ರೊಟ್ಟಿ, ಮೇಲೆ ಮತ್ತೆ ಅದೇ ಬಟ್ಟೆಯನ್ನು ಮಡಚಿ ಒತ್ತಿ ಮುಚ್ಚಳ ಹಾಕಿ. ಅಲುಗಾಡಲು ಜಾಗವಿಲ್ಲದಿದ್ದರೆ ಒಡೆಯುವುದಿಲ್ಲ. ಎಣ್ಣೆಗಾಯಿ, ಮೊಸರನ್ನ ಹಳಸುತ್ತವೆ, ಬೇಡ. ನೀರನ್ನು ಮನೆಯಿಂದಲೇ ತುಂಬಿಕೊಳ್ಳಿ. ಎಲ್ಲರೂ ಹತ್ತರೊಳಗೆ ಮಲಗಿದರೆ ಬೆಳಿಗ್ಗೆ ಆರರವರೆಗೆ ನಡುವಿನ ಬರ್ತ್ ಇಳಿಸಿ ಎಂದು ಯಾರೂ ಕೇಳುವಂತಿಲ್ಲ, ನಿಯಮವೇ ಹಾಗಿದೆ.

ಮಲಗುವ ಮುಂಚಿನ ಎರಡು ಗಂಟೆ ಬಹಳ ಬೆಲೆಯುಳ್ಳವು. ಹೆಚ್ಚಿನವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮರುದಿನ ಕೇಳಲಿರುವ ವಿದ್ವಾಂಸರ ಹಳೆಯ ಧ್ವನಿಮುದ್ರಿಕೆ ಕೇಳುತ್ತಾರೆ. ನಾನು ನಮ್ಮ ಮಕ್ಕಳಿಗೆ ಬೇಡ ಎನ್ನುತ್ತೇನೆ. ಗಾಡಿಯ ಗದ್ದಲ ಮೀರಿಸಲು ಧ್ವನಿ ಏರಿಸುತ್ತ ಹೋದರೆ ಕಿವಿ ದಣಿಯುತ್ತದೆ. ಮರುದಿನ ಅವರು ಹಾಡುವುದನ್ನು ಬಿಟ್ಟು, ನಿನ್ನೆ ಕೇಳಿದ್ದನ್ನೇ ಮನಸ್ಸು ಹುಡುಕುತ್ತಿರುತ್ತದೆ. ಅದರ ಬದಲು ತಾಳ ಹಾಕುವುದನ್ನು ಕಲಿಯಿರಿ. ನಾವು ಹಿಂದುಸ್ತಾನಿ ಕೇಳಿ ಬೆಳೆದವರು, ತೀನ್‌ತಾಲ್‌ನ 16 ಮಾತ್ರೆ ನಮಗೆ ಸಲೀಸು. ಉತ್ಸವದಲ್ಲಿ ಹೆಚ್ಚಾಗಿ ಕೇಳುವುದು ಕರ್ನಾಟಕ ಸಂಗೀತ. ಅಲ್ಲಿ ಕುಳಿತವರೆಲ್ಲ ತೊಡೆಯ ಮೇಲೆ ಹಾಕುವುದು ಆದಿತಾಳ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಮತ್ತೆ ಪೆಟ್ಟು ಮತ್ತು ಬೀಸು, ಪೆಟ್ಟು ಮತ್ತು ಬೀಸು. ಒಟ್ಟು ಎಂಟು. ಗಾಡಿಯ ಲಯಕ್ಕೆ ಇದನ್ನು ಹಾಕುತ್ತ ಕುಳಿತರೆ ಗುಂತಕಲ್ ಬರುವ ಮುಂಚೆ ಕೈಗೆ ಕೂತುಬಿಡುತ್ತದೆ.

ರಾಗಗಳ ವಿಷಯದಲ್ಲಿಯೂ ಹೆದರಬೇಕಾಗಿಲ್ಲ. ನಮ್ಮ ಯಮನ್‌ಗೆ ಅವರ ಕಲ್ಯಾಣಿ, ಮಾಲಕಂಸಕ್ಕೆ ಹಿಂದೋಳ, ಭೂಪಕ್ಕೆ ಮೋಹನ, ದುರ್ಗಾಕ್ಕೆ ಶುದ್ಧ ಸಾವೇರಿ. ಸ್ವರಗಳು ಅವೇ, ಸ್ವರವನ್ನು ಆಡಿಸುವ ಗಮಕ ಬೇರೆ. ತೋಡಿ ಹಾಡುತ್ತೇವೆ ಎಂದಾಗ ಮಾತ್ರ ನಮ್ಮ ತೋಡಿಯನ್ನು ಕಾಯಬೇಡಿ. ಅದರ ಸ್ವರಗಳು ನಮ್ಮ ಭೈರವಿಗೆ ಹತ್ತಿರ. ಇಷ್ಟು ತಿಳಿದಿದ್ದರೆ ಮೊದಲ ಕಛೇರಿಯಲ್ಲಿಯೇ ಕಾಲೂರಲು ನೆಲ ಸಿಗುತ್ತದೆ.

ಬೆಳಿಗ್ಗೆ ಇಳಿದ ಮೇಲಿನ ದಾರಿ ಸರಳ. ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದವರು ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಚಿಕ್ಕಪೇಟೆಯ ನಂತರ ಕೆ.ಆರ್. ಮಾರುಕಟ್ಟೆ. ಅಲ್ಲಿಂದ 1907ರ ಆ ಶಾಲೆಗೆ ನಡೆದೇ ಹೋಗಬಹುದು. ಯಶವಂತಪುರದಲ್ಲಿ ಇಳಿದವರಿಗೂ ಅದೇ ಹಸಿರು ಮಾರ್ಗ, ಗಾಡಿ ಬದಲಿಸುವ ಗೋಜಿಲ್ಲ. ವಂದೇ ಭಾರತ್‌ನಲ್ಲಿ ಹೋಗುವವರು ಎಚ್ಚರ ವಹಿಸಬೇಕು: ಅದು ನಿಲ್ಲುವುದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ. ಬೈಯಪ್ಪನಹಳ್ಳಿ ಮೆಟ್ರೊ ಅದಕ್ಕೆ ಅಂಟಿಕೊಂಡಿಲ್ಲ. ಸಾಮಾನು, ಹಿರಿಯರು ಜೊತೆಗಿದ್ದರೆ ಆಟೊ ಹಿಡಿದು ಮೆಟ್ರೊ ನಿಲ್ದಾಣಕ್ಕೆ ಹೋಗಿ. ಉಳಿಯಲು ಸಂಬಂಧಿಕರ ಮನೆ ಊರಾಚೆ ಇದ್ದರೆ ಒಂದು ದಿನದ ಮಟ್ಟಿಗೆ ಮೆಜೆಸ್ಟಿಕ್ ಸುತ್ತಿನ ವಸತಿಗೃಹವೇ ವಾಸಿ. ಸಂಜೆಯ ವಾಹನ ದಟ್ಟಣೆಯಲ್ಲಿ ಎರಡು ಗಂಟೆ ಬಸ್ಸಿನಲ್ಲಿ ನಿಂತು ಬಂದವರಿಗೆ ಕಛೇರಿಯ ಆರಂಭದಲ್ಲಿ ಹಾಡುವ ವರ್ಣ ಕೇಳುವ ತಾಳ್ಮೆ ಉಳಿದಿರುವುದಿಲ್ಲ.

ಮಧ್ಯಾಹ್ನ ಊರು ಸುತ್ತಬೇಡಿ ಎಂದರೆ ಮಕ್ಕಳು ಮುಖ ಸಣ್ಣ ಮಾಡುತ್ತಾರೆ. ಲಾಲ್‌ಬಾಗ್ ಮರುದಿನವೂ ಅಲ್ಲೇ ಇರುತ್ತದೆ. ಉಂಡು ಒಂದು ಗಂಟೆ ಮಲಗಿ, ಐದಕ್ಕೆ ಎದ್ದು ಮುಖ ತೊಳೆದು ಹೊರಡಿ. ಸಣ್ಣ ಕೊಡೆ ಜೊತೆಗಿರಲಿ. ಏಪ್ರಿಲ್ ಸಂಜೆಗಳಲ್ಲಿ ಅಲ್ಲಿ ಗುಡುಗುಸಹಿತ ಮಳೆ ಸುರಿಯುವುದುಂಟು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು: ಕಛೇರಿಯ ದಿನವೇ ಮರಳುವ ಟಿಕೆಟ್ ಮಾಡಿಸಬೇಡಿ. ನಮ್ಮ ಕಡೆಗೆ ಬರುವ ಕರ್ನಾಟಕ ಎಕ್ಸ್‌ಪ್ರೆಸ್, ಉದ್ಯಾನ್ ಎಲ್ಲವೂ ಹೊರಡುವುದು ಸಂಜೆ ಮತ್ತು ರಾತ್ರಿಯ ಆರಂಭದಲ್ಲಿ, ಸರಿಯಾಗಿ ಕಛೇರಿಯ ಹೊತ್ತಿಗೆ. ಗಾಡಿ ಹಿಡಿಯುವವರು ಪ್ರಧಾನ ಕೃತಿ ಮುಗಿಯುತ್ತಿದ್ದಂತೆ, ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಆರಂಭವಾದಾಗ ಚೀಲ ಹೆಗಲಿಗೇರಿಸಿ ಎದ್ದು ಹೋಗುತ್ತಾರೆ. ಆಗಲೇ ಮೃದಂಗದವರು ಆ ಸಂಜೆಯ ತಮ್ಮ ಮಾತು ಆಡಲು ಕೈ ಎತ್ತಿರುತ್ತಾರೆ. ಮೃದಂಗ ನುಡಿಸಿದ್ದಕ್ಕೆ ಘಟ ಉತ್ತರ ಕೊಡುತ್ತ, ಇಬ್ಬರ ಸರದಿಯೂ ಕಿರಿದಾಗುತ್ತ ಬಂದು, ಕೊನೆಗೆ ಇಬ್ಬರೂ ಕೂಡಿ ಮೂರು ಬಾರಿ ಮುಕ್ತಾಯ ನುಡಿಸಿ ಎಡುಪ್ಪಿಗೆ, ಅಂದರೆ ಹಾಡಿನ ಸಾಲು ಎತ್ತಿಕೊಳ್ಳುವ ಜಾಗಕ್ಕೆ, ಬಂದು ಸೇರುವುದು, ನಮ್ಮ ತಿಹಾಯಿ ಬಲ್ಲವರಿಗೆ ಹಬ್ಬ. ರೈಲಿನಲ್ಲಿ ಕಲಿತ ಆದಿತಾಳ ಕೈಯಲ್ಲಿದ್ದರೆ ಆ ಸೇರುವ ಕ್ಷಣ ನಿಮಗೂ ಮೊದಲೇ ಗೊತ್ತಾಗುತ್ತದೆ. ತನಿಯ ಬಳಿಕ ಬರುವ ದೇವರನಾಮಗಳಿಗಾಗಿಯೇ ನಮ್ಮ ಅವ್ವನಂಥವರು ಅಷ್ಟು ದೂರ ಬಂದಿರುತ್ತಾರೆ. ಮಂಗಳ ಹಾಡಿದ ಮೇಲೆ ಏಳಿ. ರಾತ್ರಿ ಹತ್ತಕ್ಕೂ ಮೆಟ್ರೊ ಓಡುತ್ತಿರುತ್ತದೆ.

ಮರುದಿನ ಬೆಳಿಗ್ಗೆ ಲಾಲ್‌ಬಾಗ್ ನೋಡಿಕೊಂಡು, ಮಧ್ಯಾಹ್ನದ ವಂದೇ ಭಾರತ್ ಹಿಡಿಯಬಹುದು. ವಾರದಲ್ಲಿ ಒಂದು ದಿನ ಅದು ಓಡುವುದಿಲ್ಲ, ಟಿಕೆಟ್ ಮಾಡಿಸುವಾಗ ನೋಡಿಕೊಳ್ಳಿ. ಕಲಬುರಗಿ ಮುಟ್ಟುವಾಗ ನಡುರಾತ್ರಿ ಹತ್ತಿರವಾಗಿರುತ್ತದೆ. ಮನೆಯಿಂದ ಯಾರಾದರೂ ನಿಲ್ದಾಣಕ್ಕೆ ಬರುವಂತೆ ಮೊದಲೇ ಹೇಳಿಡಿ. ಅಷ್ಟು ಹೊತ್ತು ಕುಳಿತು ಬರಲಾಗದ ಹಿರಿಯರಿದ್ದರೆ ಅಂದಿನ ಸಂಜೆಯ ಉದ್ಯಾನ್‌ನಲ್ಲಿ ಕೆಳಗಿನ ಬರ್ತ್ ಮಾಡಿಸಿ.